ಸೈಕಲ್ಲಿಗೆ ನಾಲ್ಕು ಜಾಗ: ಲೆಕ್ಕ ಯಾರ ಪುಸ್ತಕದಲ್ಲಿ?

ಜರ್ಮನಿಯ ಪಸೌ ಪಟ್ಟಣದಿಂದ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದವರೆಗೆ ಡ್ಯಾನ್ಯೂಬ್ ನದಿಯ ದಂಡೆಗುಂಟ ಮುನ್ನೂರು ಕಿಲೋಮೀಟರ್‌ಗಿಂತ ತುಸು ಉದ್ದದ ಸೈಕಲ್ ಹಾದಿಯಿದೆ. ದಾರಿ ಬಹುತೇಕ ಸಮತಟ್ಟು. ಪ್ರತಿ ಬೇಸಿಗೆಯಲ್ಲೂ ಸಾವಿರಾರು ಮಂದಿ, ನನ್ನ ವಯಸ್ಸಿನವರೂ ಸೇರಿದಂತೆ, ಒಂದು ವಾರದಲ್ಲಿ ಅದನ್ನು ಆರಾಮವಾಗಿ ಕ್ರಮಿಸುತ್ತಾರೆ. ಕಷ್ಟ ಆರಂಭವಾಗುವುದು ವಿಯೆನ್ನಾ ತಲುಪಿದ ಮೇಲೆ. ನದಿ ಒಂದೇ ದಿಕ್ಕಿಗೆ ಹರಿಯುತ್ತದೆ. ಪ್ರವಾಸಿ ಮಾತ್ರ ಹೊರಟಲ್ಲಿಗೆ ಮರಳಬೇಕು, ಅದೂ ಸೈಕಲ್ ಸಮೇತ. ರೈಲಿನಲ್ಲಿ ಸೈಕಲ್ಲಿಗೆ ಜಾಗ ದೊರೆಯದಿದ್ದರೆ ಇಡೀ ಪ್ರವಾಸದ ಯೋಜನೆಯೇ ತಲೆಕೆಳಗಾಗುತ್ತದೆ. ಮಕ್ಕಳು ಅಲ್ಲಿ ನೆಲೆಸಿರುವ ಕಾರಣಕ್ಕೆ ಬೇಸಿಗೆಯನ್ನು ಯುರೋಪಿನಲ್ಲಿ ಕಳೆಯುವ ನಮ್ಮವರಿಗೂ ಈಗ ಈ ಅನುಭವ ಹೊಸದಲ್ಲ.

ಐರೋಪ್ಯ ಒಕ್ಕೂಟವು ರೈಲು ಪ್ರಯಾಣಿಕರ ಹಕ್ಕುಗಳ ಕುರಿತು 2007ರಲ್ಲಿ ರೂಪಿಸಿದ ನಿಯಮದಲ್ಲಿ ಸೈಕಲ್ ಒಯ್ಯಲು ಅವಕಾಶವಿತ್ತು. ಆದರೆ ಅದಕ್ಕೆ ಮೂರು ಬಾಲಗಳಿದ್ದವು: ಸೈಕಲ್ಲು ಸುಲಭವಾಗಿ ನಿಭಾಯಿಸುವಂತಿರಬೇಕು, ಸೇವೆಗೆ ತೊಂದರೆಯಾಗಬಾರದು, ಬೋಗಿಯಲ್ಲಿ ಅದಕ್ಕೆ ಅನುಕೂಲವಿರಬೇಕು. ಸರ್ಕಾರಿ ಕಡತಗಳ ನಡುವೆ ಮೂರು ದಶಕ ಕಳೆದವನಿಗೆ ಇಂತಹ ವಾಕ್ಯರಚನೆ ಚಿರಪರಿಚಿತ. ಮೊದಲ ಸಾಲಿನಲ್ಲಿ ಕೊಟ್ಟದ್ದನ್ನು ಮೂರನೆಯ ಸಾಲಿನಲ್ಲಿ ಹಿಂಪಡೆಯುವ ವಿದ್ಯೆ ಇದು. ಬೋಗಿಯಲ್ಲಿ ಅನುಕೂಲ ಕಲ್ಪಿಸುವುದೂ ಬಿಡುವುದೂ ರೈಲು ಕಂಪೆನಿಯ ಕೈಯಲ್ಲೇ ಇರುವಾಗ, ಅನುಕೂಲವಿದ್ದರೆ ಮಾತ್ರ ಹಕ್ಕು ಎನ್ನುವುದು ಹಕ್ಕೇ ಅಲ್ಲ.

ಈ ಲೋಪವನ್ನು ಸರಿಪಡಿಸಲು 2021ರಲ್ಲಿ ಹೊಸ ನಿಯಮ ಬಂತು. ಅದು ಜಾರಿಯಾದದ್ದು 2023ರ ಜೂನ್ 7ರಂದು. ಸೈಕಲ್ ಜಾಗಗಳ ಕುರಿತ ಮುಖ್ಯ ಅಂಶಕ್ಕೆ ಮತ್ತೆ ಎರಡು ವರ್ಷ ಕಾಲಾವಕಾಶ ನೀಡಲಾಯಿತು. 2025ರ ಜೂನ್ 7ರಿಂದ ಹೊಸ ರೈಲುಗಳ ಖರೀದಿಗೆ ಮುಂದಾಗುವಾಗ, ಅಥವಾ ಹಳೆಯ ರೈಲುಗಳನ್ನು ದೊಡ್ಡ ಪ್ರಮಾಣದಲ್ಲಿ ನವೀಕರಿಸುವಾಗ, ಸೈಕಲ್ಲುಗಳಿಗೆ ಸಾಕಷ್ಟು ಜಾಗ ಇರಿಸುವುದು ಕಡ್ಡಾಯ. ಎಷ್ಟು ಜಾಗ ಎಂಬುದನ್ನು ಸಾರ್ವಜನಿಕರೊಡನೆ ಸಮಾಲೋಚಿಸಿ ಸಿದ್ಧಪಡಿಸಿದ ಯೋಜನೆ ನಿರ್ಧರಿಸುತ್ತದೆ. ಅಂತಹ ಯೋಜನೆಯಿಲ್ಲದಿದ್ದರೆ ಪ್ರತಿ ರೈಲಿಗೆ ಕನಿಷ್ಠ ನಾಲ್ಕು. ಯುರೋಪಿಯನ್ ಸಂಸತ್ತು 2018ರಲ್ಲಿ ಕೇಳಿದ್ದು ಎಂಟು. ಸದಸ್ಯ ರಾಷ್ಟ್ರಗಳ ಸರ್ಕಾರಗಳೊಡನೆ ನಡೆದ ಚೌಕಾಶಿಯಲ್ಲಿ ಅದು ಅರ್ಧಕ್ಕಿಳಿಯಿತು. ಒಂದು ಕುಟುಂಬ ಹತ್ತಿದರೆ ಮುಗಿದುಹೋಗುವ ಸಂಖ್ಯೆ ಇದು.

ಇಷ್ಟು ಸಣ್ಣ ಬೇಡಿಕೆಗೆ ಇಷ್ಟೊಂದು ಜಗ್ಗಾಟವೇಕೆ? ಹಿಂದೆ ಈ ಸಮಸ್ಯೆಯೇ ಇರಲಿಲ್ಲ. ಪ್ರತಿ ರೈಲಿಗೂ ಸರಂಜಾಮಿನ ಡಬ್ಬಿಯೊಂದು ಇರುತ್ತಿತ್ತು. ಪೆಟ್ಟಿಗೆ, ಅಂಚೆ ಮೂಟೆಗಳ ಜತೆ ಸೈಕಲ್ಲೂ ಅದರಲ್ಲಿ ಸಾಗುತ್ತಿತ್ತು. ನಮ್ಮ ರೈಲುಗಳಲ್ಲಿ ಸೈಕಲ್ಲನ್ನು ಲಗೇಜಾಗಿ ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಹಾಕುವ ಪದ್ಧತಿ ಇಂದಿಗೂ ಉಳಿದಿರುವುದು ಆ ಕಾಲದ ಮುಂದುವರಿಕೆಯೇ. ಯುರೋಪಿನಲ್ಲಿ ಪ್ರತ್ಯೇಕ ಎಂಜಿನ್ ಇಲ್ಲದ ಏಕಘಟಕ ರೈಲುಗಳೂ ಅತಿವೇಗದ ರೈಲುಗಳೂ ಬಂದಂತೆ ಸರಂಜಾಮಿನ ಡಬ್ಬಿ ಕಣ್ಮರೆಯಾಯಿತು. ಅಂದಿನಿಂದ ಸೈಕಲ್ಲಿನ ಸ್ಪರ್ಧೆ ಪೆಟ್ಟಿಗೆಯೊಡನೆ ಅಲ್ಲ, ಆಸನದೊಡನೆ. ಆಸನದಿಂದ ಪೂರ್ಣ ಟಿಕೆಟ್ಟಿನ ಹಣ ಬರುತ್ತದೆ, ಸೈಕಲ್ಲಿನಿಂದ ಬರುವುದು ಅಲ್ಪ ಶುಲ್ಕ. ಅರ್ಥಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಈ ಅವಕಾಶ ವೆಚ್ಚವನ್ನು ಲೆಕ್ಕ ಹಾಕಬಲ್ಲ. ಜರ್ಮನಿಯ ಅತಿವೇಗದ ಐಸಿಇ ಸೇವೆ ಆರಂಭವಾದದ್ದು 1991ರಲ್ಲಿ. ಅದರ ನಾಲ್ಕನೆಯ ಮಾದರಿ 2017ರ ಕೊನೆಯಲ್ಲಿ ಹಳಿಗೆ ಬಂದಾಗಲಷ್ಟೇ ಸೈಕಲ್ಲಿಗೆ ನಿಶ್ಚಿತ ಸ್ಥಾನ ದೊರೆಯಿತು: ಹನ್ನೆರಡು ಬೋಗಿಗಳ, ಸುಮಾರು 830 ಆಸನಗಳ ರೈಲಿನಲ್ಲಿ ಎಂಟು ಜಾಗ, ಅದೂ ಮುಂಗಡವಾಗಿ ಕಾಯ್ದಿರಿಸಿದವರಿಗೆ ಮಾತ್ರ.

ಆದರೆ ಅದೇ ಜರ್ಮನಿಯ ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ಲಿನ ಚಿತ್ರ ಬರೆದ ವಿಶಾಲವಾದ ಬೋಗಿಭಾಗಗಳಿವೆ, ಮಡಚುವ ಆಸನಗಳಿವೆ. ಈ ವ್ಯತ್ಯಾಸಕ್ಕೆ ಕಾರಣ ಹಣ ಯಾರು ಕೊಡುತ್ತಾರೆ ಎಂಬುದರಲ್ಲಿದೆ. ದೂರದ ರೈಲುಗಳು ತಮ್ಮ ಗಳಿಕೆಯಿಂದಲೇ ನಡೆಯಬೇಕು. ಪ್ರಾದೇಶಿಕ ಸೇವೆಯನ್ನು 1996ರಿಂದ ರಾಜ್ಯ ಸರ್ಕಾರಗಳು ಸಾರ್ವಜನಿಕ ಹಣದಿಂದ ಗುತ್ತಿಗೆಗೆ ಪಡೆಯುತ್ತವೆ. ರೈಲಿನಲ್ಲಿ ಏನಿರಬೇಕೆಂದು ಕರಾರಿನಲ್ಲೇ ಬರೆಯುತ್ತವೆ. ರಾಜ್ಯಕ್ಕೆ ಇದರಲ್ಲಿ ಆಸಕ್ತಿ ಇರುವುದು ಸಹಜ. ಸೈಕಲ್ ಪ್ರವಾಸಿ ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಸಾಗಿ ಯಾವುದೋ ಸಣ್ಣ ಊರಿನಲ್ಲಿ ತಂಗುತ್ತಾನೆ, ಉಣ್ಣುತ್ತಾನೆ, ಚಕ್ರ ಕೆಟ್ಟರೆ ರಿಪೇರಿ ಮಾಡಿಸುತ್ತಾನೆ. ಆ ಹಣ ಸೇರುವುದು ಹೋಟೆಲಿನವನಿಗೆ, ಬೇಕರಿಯವನಿಗೆ, ದ್ರಾಕ್ಷಿ ತೋಟದವನಿಗೆ. ರೈಲು ಕಂಪೆನಿಯ ಜಮಾಖರ್ಚಿನಲ್ಲಿ ಇದರ ಒಂದು ಸಾಲೂ ಕಾಣದು. ಲಾಭ ಒಬ್ಬರಿಗೆ, ವೆಚ್ಚ ಇನ್ನೊಬ್ಬರಿಗೆ ಎಂಬಂತಹ ಸ್ಥಿತಿಯಲ್ಲಿ ಮಾರುಕಟ್ಟೆ ತಾನಾಗಿ ಜಾಗ ಒದಗಿಸೀತೆಂದು ನಿರೀಕ್ಷಿಸುವುದು ವ್ಯರ್ಥ. ಫ್ರಾನ್ಸಿನ ಲ್ವಾರ್ ಕಣಿವೆಯಲ್ಲಿ ಸುಮಾರು 900 ಕಿಲೋಮೀಟರ್‌ಗಳ ಸೈಕಲ್ ಹಾದಿಯನ್ನು ರೂಪಿಸಿದ ಪ್ರಾಂತೀಯ ಆಡಳಿತಗಳು ಇದನ್ನು ಬೇಗನೆ ಅರಿತವು. ಬೇಸಿಗೆಯಲ್ಲಿ ಅಲ್ಲಿನ ರೈಲುಗಳಲ್ಲಿ ಸೈಕಲ್ಲುಗಳಿಗೆ ವಿಶೇಷ ವ್ಯವಸ್ಥೆ ಮಾಡುತ್ತ ಬಂದಿವೆ.

ಸೈಕಲ್ ಪ್ರೇಮಿಗಳ ವಾದವನ್ನೂ ಪೂರ್ತಿ ಒಪ್ಪಲಾಗದು. ಜಾಗವೆಂಬುದು ಎಲ್ಲರಿಗೂ ಸೀಮಿತ. 2022ರ ಬೇಸಿಗೆಯ ಮೂರು ತಿಂಗಳು ಜರ್ಮನಿ ಒಂಬತ್ತು ಯೂರೋಗಳಿಗೆ ತಿಂಗಳ ಟಿಕೆಟ್ ನೀಡಿದಾಗ ಪ್ರಾದೇಶಿಕ ರೈಲುಗಳು ಎಷ್ಟು ತುಂಬಿದವೆಂದರೆ, ಸಾಧ್ಯವಾದರೆ ಸೈಕಲ್ ತರಬೇಡಿ ಎಂದು ಮನವಿ ಮಾಡಬೇಕಾಯಿತು. ಗಾಲಿಕುರ್ಚಿಯವರು, ಮಗುವಿನ ತಳ್ಳುಗಾಡಿಯವರು ಅದೇ ಬೋಗಿಭಾಗಕ್ಕೆ ಬರುತ್ತಾರೆ. ಅವರಿಗೆ ಮೊದಲ ಆದ್ಯತೆ ಸಲ್ಲಬೇಕಾದದ್ದು ನ್ಯಾಯ. ನೆದರ್ಲೆಂಡ್ಸ್ ದೇಶ ಸೈಕಲ್ಲಿನ ತವರು, ಆದರೂ ಕೆಲಸದ ದಿನಗಳ ದಟ್ಟಣೆಯ ವೇಳೆಯಲ್ಲಿ ಅಲ್ಲಿ ಸೈಕಲ್ ಹತ್ತಿಸುವಂತಿಲ್ಲ. ಅದರ ಬದಲು ಉಟ್ರೆಕ್ಟ್ ನಿಲ್ದಾಣದಲ್ಲಿ 12,500 ಸೈಕಲ್ಲುಗಳ ನಿಲುಗಡೆ ಕಟ್ಟಿದ್ದಾರೆ. ಇಳಿದಲ್ಲಿ ಬಾಡಿಗೆಗೆ ಬೇರೆ ಸೈಕಲ್ ದೊರೆಯುತ್ತದೆ. ದಿನನಿತ್ಯ ಕಚೇರಿಗೆ ಹೋಗುವವನಿಗೆ ಇದು ಉತ್ತಮ ಪರಿಹಾರ. ಹಿಂದೆ ಮುಂದೆ ಚೀಲಗಳನ್ನು ಹೇರಿಕೊಂಡು ಊರಿಂದೂರಿಗೆ ಹೋಗುವ ಪ್ರವಾಸಿಗೆ ಮಾತ್ರ ಇದರಿಂದ ಪ್ರಯೋಜನವಿಲ್ಲ.

ವಿದ್ಯುತ್ ಸೈಕಲ್ಲು ಇನ್ನೊಂದು ತೊಡಕು ತಂದಿದೆ. ಮೊಣಕಾಲು ನೋವಿನವರನ್ನೂ ಹಾದಿಗೆ ಇಳಿಸಿದ್ದು ಅದೇ, ನಿಜ. ಆದರೆ ಅದರ ತೂಕ ಇಪ್ಪತ್ತೈದು ಕಿಲೋ ಆಸುಪಾಸು. ಜಾಗ ಉಳಿಸಲೆಂದು ಹಲವು ರೈಲುಗಳಲ್ಲಿ ಸೈಕಲ್ಲನ್ನು ಕೊಕ್ಕೆಗೆ ಲಂಬವಾಗಿ ತೂಗುಹಾಕಬೇಕು. ಅರವತ್ತು ದಾಟಿದವರು ಅಷ್ಟು ಭಾರವನ್ನು ಎದೆಯೆತ್ತರಕ್ಕೆ ಎತ್ತಬೇಕೆಂದು ಬಯಸಿದ ವಿನ್ಯಾಸಕಾರ ತಾನು ಎಂದಾದರೂ ಎತ್ತಿ ನೋಡಿದ್ದಾನೆಯೇ ಎಂಬ ಅನುಮಾನ ನನಗಿದೆ.

ಹಾಗಾದರೆ ಮಾಡಬೇಕಾದದ್ದೇನು? ಸೈಕಲ್ಲಿಗೆಂದೇ ಮೀಸಲಿಟ್ಟು ಚಳಿಗಾಲವಿಡೀ ಖಾಲಿ ಬಿಡುವ ಜಾಗಕ್ಕಿಂತ, ಋತುವಿಗೆ ತಕ್ಕಂತೆ ಬದಲಾಗುವ ಮಡಚಾಸನಗಳ ಜಾಗ ಲೇಸು. ಕೋಪನ್‌ಹೇಗನ್ನಿನ ಉಪನಗರ ರೈಲುಗಳು ಇಂತಹ ಆಸನಗಳನ್ನು ಅಳವಡಿಸಿ, 2010ರಲ್ಲಿ ಸೈಕಲ್ ಶುಲ್ಕವನ್ನೇ ರದ್ದುಮಾಡಿದವು. ಸೈಕಲ್ ತರುವವರ ಸಂಖ್ಯೆ ಹಲವು ಪಟ್ಟು ಏರಿತು, ಅವರೆಲ್ಲ ತಮ್ಮ ಟಿಕೆಟ್ಟಿಗೆ ಹಣ ಕೊಟ್ಟೇ ಬರುವವರು. ದೂರದ ರೈಲುಗಳಲ್ಲಿ ಕಾಯ್ದಿರಿಸುವಿಕೆ ಇರಲಿ. ಸ್ವಿಟ್ಜರ್ಲೆಂಡ್ 2021ರಲ್ಲಿ ತನ್ನ ಇಂಟರ್‌ಸಿಟಿ ರೈಲುಗಳಿಗೆ ಅದನ್ನು ಕಡ್ಡಾಯ ಮಾಡಿದಾಗ ಗೊಣಗಿದವರಿದ್ದರು, ಆದರೆ ಪ್ಲಾಟ್‌ಫಾರಂನಲ್ಲಿ ನಿಂತು ಅದೃಷ್ಟ ಪರೀಕ್ಷಿಸುವುದಕ್ಕಿಂತ ಅದು ಮೇಲು. ಹಲವು ದೇಶಗಳನ್ನು ದಾಟುವ ಪ್ರಯಾಣಕ್ಕೆ ಪ್ರವಾಸಿಯ ಟಿಕೆಟ್ಟೂ ಸೈಕಲ್ಲಿನ ಟಿಕೆಟ್ಟೂ ಒಂದೇ ಕಡೆ ಸಿಗುವಂತಾಗಬೇಕು.

ಎಲ್ಲಕ್ಕಿಂತ ಮುಖ್ಯ, ಆ ನಾಲ್ಕು ಎಂಬ ಸಂಖ್ಯೆ. ಹೆಚ್ಚಿನ ಜಾಗ ಕಡ್ಡಾಯಗೊಳಿಸುವ ಅಧಿಕಾರವನ್ನು ನಿಯಮವೇ ಸದಸ್ಯ ರಾಷ್ಟ್ರಗಳಿಗೆ ಕೊಟ್ಟಿದೆ. ಮಲಗುವ ಬೋಗಿಗಳಿಗೆ ನಿಯಮದಿಂದ ವಿನಾಯಿತಿ ಇದ್ದರೂ, 2023ರ ಕೊನೆಯಲ್ಲಿ ಓಡಾಟ ಆರಂಭಿಸಿದ ಆಸ್ಟ್ರಿಯಾದ ಹೊಸ ನೈಟ್‌ಜೆಟ್ ರಾತ್ರಿ ರೈಲುಗಳಲ್ಲಿ ಸೈಕಲ್ಲಿಗೆ ಜಾಗ ಕಲ್ಪಿಸಿದ್ದಾರೆ. ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ರೈಲಿನ ಬಾಳಿಕೆ ಮೂವತ್ತು ವರ್ಷಕ್ಕೂ ಮಿಗಿಲು. ಈಗ ಖರೀದಿಯ ಕರಾರಿನಲ್ಲಿ ಬರೆಯುವ ಸಂಖ್ಯೆಯೇ 2055ರಲ್ಲೂ ಆ ಹಳಿಗಳ ಮೇಲೆ ಓಡುತ್ತಿರುತ್ತದೆ. ಡ್ಯಾನ್ಯೂಬ್, ರೈನ್, ಲ್ವಾರ್ ದಂಡೆಗಳ ಪುರಸಭೆಗಳು ತಮ್ಮ ಬೇಡಿಕೆ ಮುಂದಿಡಬೇಕಾದದ್ದು ಈ ಟೆಂಡರುಗಳು ಸಿದ್ಧವಾಗುವ ಹೊತ್ತಿನಲ್ಲೇ.