ಆಕರ ಕೋಶ ಕಸಿ: ಬದುಕುಳಿದವರ ಲೆಕ್ಕ ರೋಗಿಗೇಕೆ ಸಿಗುತ್ತಿಲ್ಲ?

ಬೆಂಗಳೂರು: ರಕ್ತ ಕ್ಯಾನ್ಸರ್‌ಗೆ ತುತ್ತಾದ ಮಗುವಿಗೆ ಆಕರ ಕೋಶಗಳ ಕಸಿ, ಅಂದರೆ ಅಸ್ಥಿಮಜ್ಜೆ ಕಸಿ ಅನಿವಾರ್ಯವೆಂದು ವೈದ್ಯರು ಹೇಳಿದೊಡನೆ ಹೆತ್ತವರ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ. ಖರ್ಚೆಷ್ಟು? ಯಾವ ಆಸ್ಪತ್ರೆ? ಮೊದಲನೆಯದಕ್ಕೆ ಆಸ್ಪತ್ರೆಯೇ ಉತ್ತರಿಸುತ್ತದೆ. ಎರಡನೆಯದಕ್ಕೆ ಉತ್ತರ ದೊರೆಯುವುದು ಬಂಧುಗಳಿಂದ, ಇಲ್ಲವೇ ಜಾಹೀರಾತಿನಿಂದ. ಅಲ್ಲಿ ಕಸಿಗೆ ಒಳಗಾದವರಲ್ಲಿ ಎಷ್ಟು ಮಂದಿ ವರ್ಷದ ನಂತರವೂ ಬದುಕಿದ್ದಾರೆ ಎಂಬ ಲೆಕ್ಕ ಮಾತ್ರ ಅವರ ಕೈಗೆ ಸಿಗುವುದಿಲ್ಲ.

ಅಮೆರಿಕದಲ್ಲಿ ಈ ಲೆಕ್ಕ ಗುಟ್ಟಾಗಿ ಉಳಿದಿಲ್ಲ. 2005ರಲ್ಲಿ ಜಾರಿಗೆ ಬಂದ ಕಾಯ್ದೆಯ ಅಡಿ, ದಾನಿಯಿಂದ ಕೋಶ ಪಡೆದು ಕಸಿ ಮಾಡುವ ಕೇಂದ್ರಗಳ ಫಲಿತಾಂಶವನ್ನು ಅಲ್ಲಿ ಸಾರ್ವಜನಿಕರ ಮುಂದಿಡಲಾಗುತ್ತದೆ. ಮಿಲ್ವಾಕಿ ಮತ್ತು ಮಿನಿಯಾಪೊಲಿಸ್‌ಗಳಿಂದ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರವಾದ ಸಿಐಬಿಎಂಟಿಆರ್ 150ಕ್ಕೂ ಹೆಚ್ಚು ಕೇಂದ್ರಗಳ ಮಾಹಿತಿಯನ್ನು ವಿಶ್ಲೇಷಿಸುತ್ತದೆ.

ಬರಿಯ ಶೇಕಡಾವಾರು ಸಾಲದು

ಈ ವಿಶ್ಲೇಷಣೆ ಆಸ್ಪತ್ರೆಗಳಿಗೆ ರ್‍ಯಾಂಕ್ ಕೊಡುವುದಿಲ್ಲ. ಅದಕ್ಕೆ ಕಾರಣವೂ ಉಂಟು. ಕಾಯಿಲೆ ಹತೋಟಿಯಲ್ಲಿರುವ ಯುವಕರನ್ನೇ ಆಯ್ದುಕೊಳ್ಳುವ ಆಸ್ಪತ್ರೆಯ ಸಾಧನೆ ಸಹಜವಾಗಿಯೇ ಮಿಂಚುತ್ತದೆ. ಬೇರೆಡೆ ಕೈಬಿಟ್ಟ ರೋಗಿಗಳನ್ನು ದಾಖಲಿಸಿಕೊಳ್ಳುವ ಆಸ್ಪತ್ರೆ ಹಿಂದೆ ಬಿದ್ದಂತೆ ಕಾಣುತ್ತದೆ. ಆದ್ದರಿಂದ ರೋಗಿಯ ವಯಸ್ಸು, ಕಾಯಿಲೆಯ ಹಂತ, ದಾನಿಯ ಹೊಂದಾಣಿಕೆ, ಇತರ ಅನಾರೋಗ್ಯ ಮುಂತಾದ ಅಂಶಗಳನ್ನು ಪರಿಗಣಿಸಿ, ಆ ಕೇಂದ್ರದಲ್ಲಿ ವರ್ಷದ ಬಳಿಕ ಎಷ್ಟು ಮಂದಿ ಬದುಕಿರಬೇಕಿತ್ತು ಎಂದು ಮೊದಲು ಅಂದಾಜಿಸಲಾಗುತ್ತದೆ. ವಾಸ್ತವ ಸಂಖ್ಯೆಯನ್ನು ಅದರೊಡನೆ ಹೋಲಿಸಿ ನಿರೀಕ್ಷೆಯಂತೆ, ನಿರೀಕ್ಷೆಗಿಂತ ಮೇಲೆ, ನಿರೀಕ್ಷೆಗಿಂತ ಕೆಳಗೆ ಎಂದು ಮೂರು ವರ್ಗ ಮಾಡಲಾಗುತ್ತದೆ.

ಸಂಖ್ಯೆ ಚಿಕ್ಕದಾದಾಗ ಆಕಸ್ಮಿಕದ ಪಾತ್ರ ದೊಡ್ಡದು. ಉದಾಹರಣೆಗೆ, 40 ರೋಗಿಗಳಲ್ಲಿ 28 ಮಂದಿ ಬದುಕುಳಿಯುವ ನಿರೀಕ್ಷೆ ಇದೆ ಎಂದುಕೊಳ್ಳೋಣ. ಚಿಕಿತ್ಸೆಯ ಗುಣಮಟ್ಟದಲ್ಲಿ ಯಾವ ವ್ಯತ್ಯಾಸವಿಲ್ಲದೆಯೂ ಈ ಸಂಖ್ಯೆ ಸುಮಾರು 22ರಿಂದ 34ರವರೆಗೆ ಏರಿಳಿಯಬಹುದು. ಅಂದರೆ ಶೇ 60 ಮತ್ತು ಶೇ 80 ಫಲಿತಾಂಶದ ಎರಡು ಚಿಕ್ಕ ಕೇಂದ್ರಗಳೂ 'ನಿರೀಕ್ಷೆಯಂತೆ' ಎಂಬ ವರ್ಗಕ್ಕೇ ಸೇರಬಹುದು. ಅದೇ 400 ರೋಗಿಗಳಲ್ಲಿ ಶೇ 70ರ ನಿರೀಕ್ಷೆಯಿದ್ದು ಶೇ 60 ಮಂದಿ ಮಾತ್ರ ಉಳಿದರೆ ಅದು ಗಂಭೀರ ಎಚ್ಚರಿಕೆ.

ಈ ಪದ್ಧತಿಗೂ ಮಿತಿಗಳಿವೆ. ಹೆಸರು ಕೆಡುವ ಅಂಜಿಕೆಯಿಂದ ಕಠಿಣ ಪ್ರಕರಣಗಳನ್ನು ಆಸ್ಪತ್ರೆಗಳು ದೂರವಿಟ್ಟಾವು ಎಂಬ ಆತಂಕ ನಿರಾಧಾರವಲ್ಲ. ವರ್ಷದ ನಂತರ ಮರುಕಳಿಸುವ ಕಾಯಿಲೆಯಾಗಲಿ, ದಾನಿಯ ಕೋಶಗಳೇ ರೋಗಿಯ ದೇಹದ ಮೇಲೆರಗುವ ದೀರ್ಘಕಾಲದ ತೊಂದರೆಯಾಗಲಿ ಈ ಲೆಕ್ಕದಲ್ಲಿ ಪೂರ್ಣವಾಗಿ ಕಾಣಿಸವು.

ನಮ್ಮಲ್ಲಿ ಏನು?

ಭಾರತದಲ್ಲಿ ದಾನಿಯ ಅಸ್ಥಿಮಜ್ಜೆ ಕಸಿ ಆರಂಭವಾದದ್ದು 1983ರಲ್ಲಿ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಈ ಹಾದಿ ಹಿಡಿಯಿತು. ಇಂದು ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲೂ ಈ ಚಿಕಿತ್ಸೆ ಲಭ್ಯ. ಕಸಿ ತಜ್ಞರ ಭಾರತೀಯ ಸಂಘವು ನೋಂದಣಿ ದಾಖಲೆಯನ್ನೂ ಇಟ್ಟಿದೆ. ಆದರೆ ಅಮೆರಿಕದಂತೆ ಆಸ್ಪತ್ರೆವಾರು ಫಲಿತಾಂಶವನ್ನು ಜನರ ಮುಂದಿಡಬೇಕೆಂಬ ಕಾನೂನು ಇಲ್ಲಿಲ್ಲ.

ಸಾರ್ವಜನಿಕ ಹಣವೂ ಇಲ್ಲಿ ತೊಡಗಿದೆ ಎಂಬುದನ್ನು ಮರೆಯಲಾಗದು. ಥಲಸ್ಸೇಮಿಯಾ ಪೀಡಿತ ಮಕ್ಕಳ ಕಸಿಗೆ ಸರ್ಕಾರಿ ಸ್ವಾಮ್ಯದ ಕೋಲ್ ಇಂಡಿಯಾ 2017ರಲ್ಲಿ ಆರಂಭಿಸಿದ ಯೋಜನೆಯಡಿ ಪ್ರತಿ ಮಗುವಿಗೆ ₹10 ಲಕ್ಷದವರೆಗೆ ನೆರವು ನಿಗದಿಯಾಯಿತು. ಇಂಥ ನೆರವು ಪಡೆಯುವ ಆಸ್ಪತ್ರೆಗಳಿಂದಲಾದರೂ ಪೂರ್ಣ ವಿವರ ಪಡೆದು, ರೋಗದ ತೀವ್ರತೆಗೆ ತಕ್ಕಂತೆ ತೂಗಿ ಪ್ರಕಟಿಸುವುದು ಅಸಾಧ್ಯವೇನಲ್ಲ. ಕಚ್ಚಾ ಅಂಕಿ ಅಂಶ ಹೊರಚೆಲ್ಲಿದರೆ ಕಠಿಣ ರೋಗಿಗಳಿಗೇ ಬಾಗಿಲು ಮುಚ್ಚೀತು. ಏನನ್ನೂ ಹೇಳದಿದ್ದರೆ ಜಾಹೀರಾತೇ ವೈದ್ಯನಾದೀತು.

ಅಲ್ಲಿಯವರೆಗೆ ರೋಗಿಯ ಕಡೆಯವರು ಕೇಳಲೇಬೇಕಾದ ಪ್ರಶ್ನೆಗಳಿವೆ. ಇದೇ ಕಾಯಿಲೆಗೆ, ಇದೇ ಬಗೆಯ ದಾನಿಯಿಂದ ಕಳೆದ ಮೂರು ವರ್ಷಗಳಲ್ಲಿ ಎಷ್ಟು ಕಸಿ ನಡೆದಿವೆ? ನೂರು ದಿನ ದಾಟಿದವರೆಷ್ಟು, ವರ್ಷ ದಾಟಿದವರೆಷ್ಟು? ಮನೆಗೆ ಮರಳಿದ ಮೇಲೆ ತಪಾಸಣೆಯ ಹೊಣೆ ಯಾರದು? ಇವುಗಳಿಗೆ ಲೆಕ್ಕವಿಟ್ಟ ಆಸ್ಪತ್ರೆ ಉತ್ತರ ಕೊಡಲು ಹಿಂಜರಿಯಬೇಕಿಲ್ಲ.