ಎಂಟಕ್ಕೂ ಹದಿನಾರಕ್ಕೂ ಎರಡೇ ಮೂಲ

ಗಣಕಯಂತ್ರದ ಪಾಠಗಳಲ್ಲಿ ಷೋಡಶಮಾನದ ಸಂಖ್ಯೆಯನ್ನು ಅಷ್ಟಮಾನಕ್ಕೆ ಪರಿವರ್ತಿಸುವ ಲೆಕ್ಕವೊಂದು ಬರುತ್ತದೆ. ಸಂಖ್ಯೆಯನ್ನು ಮೊದಲು ದಶಮಾನಕ್ಕೆ ತಂದು, ಬಳಿಕ ಎಂಟರಿಂದ ಭಾಗಿಸುತ್ತ ಹೋಗುವುದೊಂದೇ ಇದಕ್ಕೆ ಮಾರ್ಗವೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಅದು ತಪ್ಪಲ್ಲ, ಆದರೆ ಸುತ್ತುದಾರಿ. ಲೆಕ್ಕದ ಕಾರಣವನ್ನೇ ಅದು ಮರೆಮಾಡುತ್ತದೆಂಬುದು ನಮ್ಮ ಅಭಿಪ್ರಾಯ.

ಹಿರಿಯೂರಿನ ರೈತರಿಗೆ ಚಿರಪರಿಚಿತವಾದ ಸಂಖ್ಯೆಯೊಂದನ್ನು ತೆಗೆದುಕೊಳ್ಳೋಣ. ವಾಣಿವಿಲಾಸ ಸಾಗರ ತುಂಬಿತೆನ್ನಬೇಕಾದರೆ ನೀರು ೧೩೦ ಅಡಿ ಮುಟ್ಟಬೇಕು. ೧೯೩೩ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು ೨೦೨೨ರಲ್ಲಿ. ಈ ೧೩೦ ಷೋಡಶಮಾನದಲ್ಲಿ ೮೨ ಆಗುತ್ತದೆ. ಎಂದರೆ ಎಂಟು ಹದಿನಾರುಗಳು, ಅವುಗಳ ಮೇಲೆ ಎರಡು. ಒಂದೊಂದು ಅಂಕಿಯನ್ನೂ ದ್ವಿಮಾನದ ನಾಲ್ಕು ಅಂಕಿಗಳಾಗಿ ಬಿಡಿಸಿದರೆ ೧೦೦೦ ೦೦೧೦. ಇವನ್ನು ಬಲಗಡೆಯಿಂದ ಮೂರು ಮೂರಾಗಿ ವಿಂಗಡಿಸಿ, ಎಡಗಡೆಯ ಕೊರತೆಯನ್ನು ಸೊನ್ನೆಯಿಂದ ತುಂಬಿದರೆ ೦೧೦ ೦೦೦ ೦೧೦. ಇದೇ ಅಷ್ಟಮಾನದ ೨೦೨. ಭಾಗಾಕಾರದ ಅಗತ್ಯವೇ ಬೀಳಲಿಲ್ಲ. ಹದಿನಾರು ಎರಡರ ನಾಲ್ಕನೆಯ ಘಾತ, ಎಂಟು ಮೂರನೆಯ ಘಾತ; ಕಟ್ಟು ಬೇರೆ, ಸರಕು ಒಂದೇ.

ಈ ಬಗೆಯ ಲೆಕ್ಕ ನಮ್ಮ ಸೀಮೆಗೆ ಹೊಸದೇನಲ್ಲ. ೧೯೫೭ರ ಏಪ್ರಿಲ್ ೧ರಂದು ದಶಮಾನ ನಾಣ್ಯಪದ್ಧತಿ ಜಾರಿಗೆ ಬರುವವರೆಗೆ ರೂಪಾಯಿಗೆ ೧೬ ಆಣೆ, ಆಣೆಗೆ ೪ ಪೈಸೆ. ಹೊಸದುರ್ಗ, ಹೊಳಲ್ಕೆರೆಗಳ ಪೇಟೆಯಲ್ಲಿ ಹನ್ನೊಂದಾಣೆಯನ್ನು ಎರಡಾಣೆಯ ನಾಣ್ಯಗಳಲ್ಲಿ ಸಲ್ಲಿಸಬೇಕಾದರೆ ಐದು ನಾಣ್ಯ ಎಣಿಸಿ, ಮೇಲೆ ನಾಲ್ಕು ಪೈಸೆ ಇಡಬೇಕಾಗಿತ್ತು. ಎರಡಾಣೆಯು ರೂಪಾಯಿಯ ಎಂಟನೆಯ ಒಂದು ಪಾಲು. ಪೈಸೆಯು ಎರಡಾಣೆಯ ಎಂಟನೆಯ ಒಂದು ಪಾಲು. ಹದಿನಾರರ ಲೆಕ್ಕವು ಎಂಟರ ಲೆಕ್ಕಕ್ಕೆ ಇಳಿಯುವುದು ಹೀಗೆಯೇ.

ಯಂತ್ರಗಳ ಜಗತ್ತಿನಲ್ಲಿ ಎರಡು ಪದ್ಧತಿಗಳೂ ಉಳಿದುದಕ್ಕೆ ಕಾರಣವಿದೆ. ೧೯೬೫ರ ಪಿಡಿಪಿ-೮ ಯಂತ್ರದ ಪದ ೧೨ ದ್ವಿಮಾನ ಅಂಕಿಗಳದು; ಅದು ಮೂರರ ಕಟ್ಟುಗಳಿಗೆ ಸರಿಹೊಂದಿತು. ೧೯೬೪ರಲ್ಲಿ ಪ್ರಕಟವಾದ ಐಬಿಎಂ ಸಿಸ್ಟಂ/೩೬೦ ಎಂಟು ಅಂಕಿಗಳ ಬೈಟನ್ನು ಆಶ್ರಯಿಸಿತು. ಎಂಟನ್ನು ಮೂರು ಭಾಗಿಸದು, ನಾಲ್ಕು ಭಾಗಿಸುತ್ತದೆ. ಆದುದರಿಂದ ಅಲ್ಲಿ ಷೋಡಶಮಾನವೇ ಅನುಕೂಲವಾಯಿತು.

ಚಿತ್ರದುರ್ಗ ಜಿಲ್ಲೆಯ ಉಪಾಧ್ಯಾಯರಲ್ಲಿ ನಮ್ಮ ವಿನಂತಿ ಇಷ್ಟೆ: ಒಂಬತ್ತರ ಮುಂದಿನ ಅಂಕಿಗಳಿಗೆ ಎ ಇಂದ ಎಫ್ ವರೆಗಿನ ಅಕ್ಷರಗಳನ್ನು ತಂದು ಮಕ್ಕಳನ್ನು ಬೆದರಿಸುವ ಮುನ್ನ, ಅರೆ, ಕಾಲು, ಅರೆಕಾಲುಗಳಿಂದ ಪಾಠವನ್ನು ಆರಂಭಿಸಲಿ. ದಶಮಾನದ ಮಾರ್ಗ ಉತ್ತರವನ್ನು ತಾಳೆ ನೋಡಲು ಇರಲಿ. ಕಾರಣವನ್ನರಿತ ವಿದ್ಯಾರ್ಥಿ ಸೂತ್ರವನ್ನು ಮರೆತರೂ ಅದನ್ನು ತಾನೇ ಮತ್ತೆ ಕಟ್ಟಿಕೊಳ್ಳಬಲ್ಲನು.