ಅತ್ತೆಯ ಮರೆವು, ಸೊಸೆಯ ಮೇಲೆ ದೂರು

ಈಗ ತಾನೇ ಊಟ ಮಾಡಿದ ಅತ್ತೆ ನೆಂಟರ ಮುಂದೆ, "ಬೆಳಗಿನಿಂದ ನನಗೆ ಏನೂ ಕೊಟ್ಟಿಲ್ಲ" ಎನ್ನುತ್ತಾರೆ. ಸೊಸೆಯ ಮುಖ ಬಾಡುತ್ತದೆ. ಕೆಲವರು ಸೊಸೆಯನ್ನು ದೂರುತ್ತಾರೆ, ಕೆಲವರು ಅತ್ತೆಯ ಹಟವೆನ್ನುತ್ತಾರೆ. ಇದು ಮಿದುಳಿನ ಕಾಯಿಲೆ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಇಂತಹ ಕಾಯಿಲೆಗಳ ಅಧ್ಯಯನಕ್ಕೆ ದಶಕಗಳನ್ನೇ ಮುಡಿಪಾಗಿಟ್ಟ ಮಹಿಳೆ ಡಾ. ವಿಜಯಲಕ್ಷ್ಮಿ ರವೀಂದ್ರನಾಥ್. 1981ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪಿಎಚ್.ಡಿ. ಪಡೆದು, ಅಮೆರಿಕದಲ್ಲಿ ಸಂಶೋಧನೆ ನಡೆಸಿ, ಮರಳಿ ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. ಹರಿಯಾಣದ ಮಾನೇಸರ್‌ನಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿದರು. 1996ರಲ್ಲಿ ಭಟ್ನಾಗರ್ ಪ್ರಶಸ್ತಿ, 2010ರಲ್ಲಿ ಪದ್ಮಶ್ರೀ ಅವರಿಗೆ ಸಂದವು.

ಅಶ್ವಗಂಧದ ಬೇರಿನ ಸಾರ ಕೊಟ್ಟಾಗ ಆಲ್ಝೈಮರ್ ಲಕ್ಷಣಗಳಿದ್ದ ಇಲಿಗಳ ನೆನಪು ಸುಧಾರಿಸಿತೆಂದು ಅವರ ತಂಡ 2012ರಲ್ಲಿ ಪ್ರಕಟಿಸಿತು. ಹಾಗೆಂದು ಅಂಗಡಿಯ ಪುಡಿ ತಂದು ಹಿರಿಯರಿಗೆ ಕೊಡಬೇಡಿ. ಅದು ಇಲಿಗಳ ಮೇಲಿನ ಪ್ರಯೋಗ, ಮನುಷ್ಯರಿಗೆ ಔಷಧವೆಂದು ಸಾಬೀತಾದುದಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಸ್ಥಾಪಕ ನಿರ್ದೇಶಕಿಯಾಗಿ ಅವರು ಕೈಗೆತ್ತಿಕೊಂಡ ಕೆಲಸ ನಮಗೆ ಇನ್ನೂ ಹತ್ತಿರದ್ದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಜನರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಹೋಗುವ ಅಧ್ಯಯನವದು. ಈ ಕಾಯಿಲೆಯ ಬಗ್ಗೆ ಲೋಕಕ್ಕೆ ತಿಳಿದಿರುವುದು ಹೆಚ್ಚಾಗಿ ಪಾಶ್ಚಾತ್ಯರನ್ನು ಪರೀಕ್ಷಿಸಿ ಕಂಡುಕೊಂಡದ್ದು. ಹೊಲದಲ್ಲಿ ದುಡಿದ, ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಜ್ಜಿಯ ನೆನಪನ್ನು ಬರೆಯಿಸಿ ಅಳೆಯಲಾಗುವುದೇ? ಅವರಿರುವಲ್ಲಿಗೇ ಹೋಗಬೇಕು, ಅವರ ಭಾಷೆಯಲ್ಲೇ ಕೇಳಬೇಕು.

45 ವರ್ಷದವರನ್ನೇಕೆ ಪರೀಕ್ಷಿಸಬೇಕು? ಮರೆವು ಕಾಣಿಸಿಕೊಳ್ಳುವ 15-20 ವರ್ಷ ಮೊದಲೇ ಮಿದುಳಿನಲ್ಲಿ ಕಾಯಿಲೆ ಶುರುವಾಗಿರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಿವುಡುತನ, ಒಂಟಿತನ ಅದರ ಅಪಾಯವನ್ನು ಹೆಚ್ಚಿಸುತ್ತವೆ. ಬಾಲ್ಯದಲ್ಲಿ ಓದು ಸಿಗದಿರುವುದೂ ಅವುಗಳಲ್ಲೊಂದು. ಮಗಳನ್ನು ಶಾಲೆ ಬಿಡಿಸುವ ಮೊದಲು ಇದನ್ನೂ ಯೋಚಿಸಿ.

ಪಾತ್ರೆ ಒಲೆಯ ಮೇಲಿಟ್ಟು ಒಮ್ಮೆ ಮರೆತರೆ ಹೆದರಬೇಕಿಲ್ಲ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಪರಿಚಿತ ಓಣಿಯಲ್ಲಿ ದಾರಿ ತಪ್ಪುವುದು, ದಿನವೂ ಮಾಡುವ ಅಡುಗೆಯ ಕ್ರಮ ಮರೆಯುವುದು ಕಂಡರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆಯಿದೆ. ಹುಬ್ಬಳ್ಳಿ-ಧಾರವಾಡದವರಿಗೆ ಡಿಮ್ಹಾನ್ಸ್ ಹತ್ತಿರವೇ ಇದೆ. ಆದರೆ 'ಹುಚ್ಚಾಸ್ಪತ್ರೆ' ಎಂಬ ಹಳೆಯ ಮಾತು ನಮ್ಮ ಬಾಯಿಂದ ಇನ್ನೂ ಹೋಗಿಲ್ಲ. ಜನರೇನೆಂದಾರೋ ಎಂಬ ಅಂಜಿಕೆಯಲ್ಲಿ ಎಷ್ಟೋ ಮನೆಗಳಲ್ಲಿ ವರ್ಷಗಳೇ ಕಳೆದುಹೋಗುತ್ತವೆ.

ಹಿರಿಯರ ಮುಂದೆ ದನಿ ಏರಿಸಬಾರದೆಂದು ಮಕ್ಕಳಿಗೆ ಕಲಿಸುತ್ತೇವೆ. ಆದರೆ ಹಗಲಿರುಳು ಅವರ ಸೇವೆ ಮಾಡುವವಳು ಸೊಸೆಯೊಬ್ಬಳೇ ಆಗಬಾರದು. ಗಂಡುಮಕ್ಕಳೂ ಸರದಿಯಲ್ಲಿ ಜೊತೆಗಿರಲಿ. ಮುಂದಿನ ಸಲ ಅತ್ತೆ ಊಟದ ದೂರು ಹೇಳಿದಾಗ ವಾದ ಬೇಡ. ಇನ್ನೆರಡು ತುತ್ತು ಬಡಿಸಿ, ಮರುದಿನ ಆಸ್ಪತ್ರೆಗೆ ಹೊರಡಿ.